ಸೊಂಟ ಅಂದರೆ ಹಿಪ್ ಅಲ್ಲ: ಡಾಕ್ಟರ ಮುಂದೆ ಕೂತಾಗ ಬೇಕಾಗುವ ಇಂಗ್ಲಿಷ್

ನಮ್ಮ ದೊಡ್ಡಮ್ಮ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದರು. ಹೋಗಿ ಎರಡು ವಾರವಾಗಿತ್ತು ಅಷ್ಟೆ. ಮೆಟ್ಟಿಲಿಳಿಯುವಾಗ ಕಾಲು ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಅಕ್ಕ ಬೆಳಿಗ್ಗೆಯೇ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದಳು. ಮಧ್ಯಾಹ್ನ ಅಲ್ಲಿಂದ ಫೋನ್ ಬಂದಾಗ ಅಕ್ಕ ಕೂಸಿಗೆ ಸ್ನಾನ ಮಾಡಿಸುತ್ತಿದ್ದಳು. ದೊಡ್ಡಮ್ಮನೇ ಎತ್ತಿಕೊಂಡರು. ಆ ಕಡೆಯ ಹೆಂಗಸು ಮೃದುವಾಗಿ ಏನೇನೋ ಹೇಳಿದಳು. ದೊಡ್ಡಮ್ಮನಿಗೆ ಸರಿಯಾಗಿ ಕೇಳಿಸಿದ್ದು ಎರಡೇ ಮಾತು: ಇವತ್ತು ನಾಲ್ಕು ಗಂಟೆ, ‘ಸರ್ಜರಿ’.

ಐದು ನಿಮಿಷದಲ್ಲಿ ನನಗೆ ವಿಡಿಯೊ ಕಾಲ್. ಕಣ್ಣಲ್ಲಿ ನೀರು. “ಜಾರಿ ಬಿದ್ದಿದ್ದಕ್ಕೇ ಆಪರೇಷನ್ ಅಂತೆ ಕಣೇ. ಊರಿಗೆ ಬಂದುಬಿಡ್ತೀನಿ, ಟಿಕೆಟ್ ನೋಡು.”

ಬ್ರಿಟನ್ನಿನಲ್ಲಿ ‘ಸರ್ಜರಿ’ ಅಂದರೆ ಆಪರೇಷನ್ ಮಾತ್ರವಲ್ಲ. ಬಡಾವಣೆಯ ಫ್ಯಾಮಿಲಿ ಡಾಕ್ಟರ್ ಕೂತುಕೊಳ್ಳುವ ಕ್ಲಿನಿಕ್ಕಿಗೂ ಅದೇ ಹೆಸರು. ‘ಸರ್ಜರಿಗೆ ಬನ್ನಿ’ ಅಂದರೆ ಕ್ಲಿನಿಕ್ಕಿಗೆ ಬನ್ನಿ, ಅಷ್ಟೆ.

ಮಕ್ಕಳ ಮನೆಗೆಂದು ಆರು ತಿಂಗಳು ಹೊರದೇಶಕ್ಕೆ ಹೋಗುವ ಅಪ್ಪ ಅಮ್ಮಂದಿರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ವೀಸಾ, ಟಿಕೆಟ್, ಇನ್ಶೂರೆನ್ಸ್ ಎಲ್ಲ ಮಾಡಿಸುತ್ತೇವೆ. ಚಟ್ನಿಪುಡಿಯನ್ನೂ ಕಟ್ಟುತ್ತೇವೆ. ಅಲ್ಲಿ ಮೈಗೆ ಹುಷಾರಿಲ್ಲದಾಗ ಏನು ಮಾತಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಇದಕ್ಕೆ ದೊಡ್ಡ ದೊಡ್ಡ ವೈದ್ಯಕೀಯ ಪದಗಳೇನೂ ಬೇಡ. ಪೇನ್, ಮೋಷನ್, ವೀಕ್‌ನೆಸ್, ಪ್ಲಾಸ್ಟರ್‌ನಂಥ, ನಾವು ದಿನವೂ ಆಡುವ ಪದಗಳೇ ಸಾಕು. ತೊಡಕು ಏನೆಂದರೆ, ಇವನ್ನು ನಾವು ಒಂದು ಅರ್ಥದಲ್ಲಿ ಆಡುತ್ತೇವೆ, ಅಲ್ಲಿನ ಡಾಕ್ಟರು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾರೆ.

ಎಲ್ಲಿ ನೋವು?

ಅಂದು ನಾಲ್ಕು ಗಂಟೆಗೆ ಕ್ಲಿನಿಕ್ಕಿನಲ್ಲಿ ಇನ್ನೊಂದು ಎಡವಟ್ಟಾಯಿತು. ಎಲ್ಲಿ ನೋವು ಎಂದು ಕೇಳಿದರೆ ದೊಡ್ಡಮ್ಮ ‘ಸೊಂಟ’ ಅಂದರು, ಅಕ್ಕ ‘ಹಿಪ್’ ಅಂದಳು. ಡಾಕ್ಟರು ದೊಡ್ಡಮ್ಮನನ್ನು ಮಲಗಿಸಿ, ಮಂಡಿ ಮಡಚಿ, ತೊಡೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಎಲ್ಲೂ ನೋವಿಲ್ಲ. ಕೊನೆಗೆ ದೊಡ್ಡಮ್ಮ ಪಕ್ಕಕ್ಕೆ ಹೊರಳಿ, ಸೀರೆಯ ನೆರಿಗೆಯ ಹಿಂದುಗಡೆ, ಬೆನ್ನೆಲುಬು ಮುಗಿಯುವ ಜಾಗದಲ್ಲಿ ಬೆರಳಿಟ್ಟು ತೋರಿಸಿದರು. ಅದು ಇಂಗ್ಲಿಷಿನಲ್ಲಿ ‘ಲೋವರ್ ಬ್ಯಾಕ್’. ‘ಹಿಪ್’ ಅಂದರೆ ತೊಡೆಯ ಮೂಳೆ ಸೊಂಟದ ಗೂಡಿಗೆ ಸೇರುವ ಕೀಲು. ಅದರ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಬಿಟ್ಟು ಅದನ್ನು ಹೇಳಿದರೆ ಎಕ್ಸ್‌ರೇ ಬೇರೆ ಜಾಗದ್ದೇ ಆಗಿಬಿಡಬಹುದು.

ಒಂದೇ ಹೊಲಕ್ಕೆ ಇಬ್ಬರು ಬೇರೆ ಬೇರೆ ಕಡೆ ಬದು ಹಾಕಿದಂತೆ ಇದು. ಮೈ ಒಂದೇ, ಕನ್ನಡ ಅದನ್ನು ಭಾಗ ಮಾಡುವ ಗೆರೆ ಬೇರೆ, ಇಂಗ್ಲಿಷಿನ ಗೆರೆ ಬೇರೆ. ನಮಗೆ ತೊಡೆಯಿಂದ ಕಾಲ್ಬೆರಳ ತುದಿಯವರೆಗೆ ಎಲ್ಲವೂ ‘ಕಾಲು’. ಅವರಿಗೆ ಹರಡಿನವರೆಗೆ ‘ಲೆಗ್’, ಅದರ ಕೆಳಗೆ ‘ಫುಟ್’. ಪಾದ ಊದಿದೆ ಎನ್ನುವ ಬದಲು ‘ಲೆಗ್’ ಊದಿದೆ ಎಂದರೆ ಡಾಕ್ಟರು ಮೀನಖಂಡ ಮುಟ್ಟಿ ನೋಡುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಅನುಮಾನ ಅವರಿಗೆ. ಉದ್ದದ ವಿಮಾನ ಪ್ರಯಾಣ ಮಾಡಿ ಬಂದವರಲ್ಲಿ ಅದು ನ್ಯಾಯವಾದ ಅನುಮಾನವೇ. ಹಾಗೆಯೇ ನಮ್ಮ ‘ಕೈ’ ಅಲ್ಲಿ ಎರಡಾಗುತ್ತದೆ: ಭುಜದಿಂದ ಮಣಿಕಟ್ಟಿನವರೆಗೆ ‘ಆರ್ಮ್’, ಅಲ್ಲಿಂದ ಮುಂದೆ ‘ಹ್ಯಾಂಡ್’. ಕೈಬೆರಳು ‘ಫಿಂಗರ್’, ಕಾಲ್ಬೆರಳು ‘ಟೋ’.

‘ಹೊಟ್ಟೆ’ಯ ವಿಷಯವೂ ಹೀಗೇ. ‘ಸ್ಟಮಕ್’ ಎಂದರೆ ಡಾಕ್ಟರಿಗೆ ಊಟ ಹೋಗಿ ಬೀಳುವ ಚೀಲ, ಜಠರ. ಅದು ಪಕ್ಕೆಲುಬಿನ ಕೆಳಗೆ, ಮೇಲುಹೊಟ್ಟೆಯಲ್ಲಿದೆ. ನಮ್ಮ ಹೊಟ್ಟೆನೋವು ಹೊಕ್ಕುಳ ಸುತ್ತ ಇರಬಹುದು, ಕಿಬ್ಬೊಟ್ಟೆಯಲ್ಲೂ ಇರಬಹುದು. ಮನೆಮಾತಿನ ‘ಟಮಿ’ ಅಂದರೆ ಇಡೀ ಹೊಟ್ಟೆ ಎಂದರ್ಥ. ಅದನ್ನು ಹೇಳಿ, ಜಾಗವನ್ನು ಬೆರಳಿಟ್ಟು ತೋರಿಸಿದರೆ ಕೆಲಸವಾಯಿತು. ನಿಜ ಹೇಳಬೇಕೆಂದರೆ ಇಡೀ ಲೇಖನದಲ್ಲಿ ತುಂಬ ಉಪಯೋಗಕ್ಕೆ ಬರುವ ಮಾತು ಇದೇ: ಪದ ಗೊತ್ತಿಲ್ಲದಿದ್ದರೆ ಬೆರಳಿಟ್ಟು ‘ಹಿಯರ್’ ಅನ್ನಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಎಂಥ ನೋವು?

ಕನ್ನಡದಲ್ಲಿ ನೋವು ನೋವೇ. ಇಂಗ್ಲಿಷಿನಲ್ಲಿ ನಾಲ್ಕು ಪದಗಳು ಅದನ್ನು ಹಂಚಿಕೊಂಡಿವೆ. ‘ಪೇನ್’ ಎಲ್ಲಕ್ಕೂ ನಡೆಯುತ್ತದೆ, ಆದರೆ ಜೋರಾದ ನೋವಿಗೆ ಜಾಸ್ತಿ ಒಪ್ಪುತ್ತದೆ. ‘ಏಕ್’ ಅಂದರೆ ಬಿಡದೆ ಮಂದವಾಗಿ ಕಾಡುವ ನೋವು. ತಲೆನೋವು ‘ಹೆಡೇಕ್’, ಹಲ್ಲುನೋವು ‘ಟೂತೇಕ್’, ಬೆನ್ನುನೋವು ‘ಬ್ಯಾಕೇಕ್’. ‘ಸೋರ್’ ಅಂದರೆ ಮುಟ್ಟಿದರೆ, ಅಲುಗಾಡಿಸಿದರೆ ನೋಯುವುದು. ಗಂಟಲು ಕೆರೆದು ನುಂಗಲು ಕಷ್ಟವಾದರೆ ‘ಸೋರ್ ಥ್ರೋಟ್’. ಹತ್ತು ವರ್ಷದಿಂದ ನಡೆಯದವರು ಒಂದು ದಿನ ಬೆಟ್ಟ ಹತ್ತಿದರೆ ಮಾರನೆಯ ದಿನ ಕಾಲು ‘ಸೋರ್’. ‘ಹರ್ಟ್’ ಎನ್ನುವುದು ಕ್ರಿಯಾಪದ: ‘ಮೈ ನೀ ಹರ್ಟ್ಸ್’, ಮಂಡಿ ನೋಯುತ್ತಿದೆ.

ಡಾಕ್ಟರು ಮುಂದೆ ಕೇಳುವುದು: ನೋವು ಹೇಗಿದೆ? ಇದು ಉಪಚಾರದ ಮಾತಲ್ಲ. ನೋವಿನ ಬಗೆ ಗೊತ್ತಾದರೆ ಅದು ಎಲ್ಲಿಂದ ಬರುತ್ತಿದೆ ಎಂದು ಊಹಿಸಬಹುದು. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪು ಮಾಡಿ ಒಂದು ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಅದು ಬಳಕೆಗೆ ಬಂತು.

ನಮಗೆ 78 ಬೇಡ. ಕನ್ನಡದಲ್ಲಿ ನಾವು ಹೇಳುವುದಕ್ಕೆ ಸರಿಯಾದ ಏಳೆಂಟು ಪದ ಸಿಕ್ಕರೆ ಸಾಕು. ಉರಿಯುವ ನೋವು ‘ಬರ್ನಿಂಗ್’. ಚುಚ್ಚಿದಂತಾದರೆ ‘ಸ್ಟಾಬಿಂಗ್’. ನಾಡಿ ಬಡಿದಂತೆ ದಪದಪ ಅನ್ನುವ ತಲೆನೋವು ‘ಥ್ರಾಬಿಂಗ್’. ಹಿಂಡಿದಂತಾದರೆ ‘ಸ್ಕ್ವೀಜಿಂಗ್’. ಬಂದು ಬಂದು ಹೋಗುವ ಹೊಟ್ಟೆಯ ಹಿಡಿತ, ನಿದ್ದೆಯಲ್ಲಿ ಮೀನಖಂಡ ಕಲ್ಲಾಗುವ ಸೆಳೆತ, ಎರಡೂ ‘ಕ್ರ್ಯಾಂಪ್’. ಸೊಂಟದಿಂದ ಕಾಲಿನವರೆಗೆ ಮಿಂಚಿನಂತೆ ಹರಿದರೆ ‘ಶೂಟಿಂಗ್’. ಬೆಳಿಗ್ಗೆ ಎದ್ದಾಗ ಕೀಲು ಬಿಗಿದುಕೊಂಡಿದ್ದರೆ ಅದು ನೋವಲ್ಲ, ‘ಸ್ಟಿಫ್’.

ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದೂ ಕೇಳುತ್ತಾರೆ. ನಮ್ಮ ಹಿರಿಯರು, ಅದರಲ್ಲೂ ಹೆಂಗಸರು, ಒಂಬತ್ತರ ನೋವನ್ನೂ ‘ಪರವಾಗಿಲ್ಲ, ಮೂರು’ ಅಂದುಬಿಡುತ್ತಾರೆ. ಮೂರು ಎಂದರೆ ಕಾಯುವ ಸಾಲಿನಲ್ಲಿ ಹಿಂದಕ್ಕೆ ಹೋಗುತ್ತೀರಿ. ಇರುವುದನ್ನು ಇದ್ದಂತೆ ಹೇಳಬೇಕು.

ಸಿಕ್, ಮೋಷನ್, ಗ್ಯಾಸ್

ಹೊಟ್ಟೆ ಕೆಟ್ಟಾಗ ನಾವು ಆಡುವ ಇಂಗ್ಲಿಷಿನ ಮುಕ್ಕಾಲು ಪಾಲು ಭಾರತದ ಇಂಗ್ಲಿಷು. ‘ಲೂಸ್ ಮೋಷನ್’ ಅಂದರೆ ಬೆಂಗಳೂರಿನಲ್ಲಿ ಆಟೋ ಓಡಿಸುವವರಿಗೂ ಅರ್ಥವಾಗುತ್ತದೆ. ಅಮೆರಿಕದಲ್ಲಿ ‘ಮೋಷನ್’ ಅಂದರೆ ಬರೀ ಚಲನೆ. ಅಲ್ಲಿ ‘ಡಯರಿಯಾ’ ಅನ್ನಬೇಕು. ಮಲಕ್ಕೆ ಡಾಕ್ಟರ ಪದ ‘ಸ್ಟೂಲ್’, ಮಕ್ಕಳ ಪದ ‘ಪೂ’. ಬ್ರಿಟನ್ನಿನಲ್ಲಿ ‘ಹ್ಯಾವ್ ಯು ಓಪನ್ಡ್ ಯುವರ್ ಬವೆಲ್ಸ್?’ ಎಂದು ಕೇಳಿದರೆ ಕಕ್ಕಸಿಗೆ ಸರಿಯಾಗಿ ಆಯಿತೇ ಎಂದರ್ಥ. ‘ವಾಟರ್‌ವರ್ಕ್ಸ್ ಹೇಗಿದೆ’ ಎಂದು ಕೇಳಿದರೆ ಮನೆಯ ನಲ್ಲಿಯ ವಿಚಾರವಲ್ಲ, ಮೂತ್ರ ಸರಾಗವಾಗಿ ಹೋಗುತ್ತಿದೆಯೇ ಎಂದು. ಮುಜುಗರವಾಗದಿರಲಿ ಎಂದು ಅವರು ಹೀಗೆ ಬಳಸಿ ಕೇಳುತ್ತಾರೆ. ಅದೇ ನಮಗೆ ಒಗಟಾಗುತ್ತದೆ.

‘ಸಿಕ್’ ಇನ್ನೊಂದು. ಅಮೆರಿಕದಲ್ಲಿ ‘ಐ ಆಮ್ ಸಿಕ್’ ಅಂದರೆ ಹುಷಾರಿಲ್ಲ. ಬ್ರಿಟನ್ನಿನಲ್ಲಿ ‘ಐ ಫೀಲ್ ಸಿಕ್’ ಅಂದರೆ ಹೊಟ್ಟೆ ತೊಳಸುತ್ತಿದೆ, ‘ಐ ವಾಸ್ ಸಿಕ್’ ಅಂದರೆ ವಾಂತಿಯಾಯಿತು. ಮೂರು ಸಲ ‘ಸಿಕ್’ ಆಯಿತು ಎಂದು ನರ್ಸ್ ಬರೆದುಕೊಂಡರೆ ಅದು ಮೂರು ವಾಂತಿ. ಸುಮ್ನೆ ಹುಷಾರಿಲ್ಲ ಎನ್ನಲು ಅಲ್ಲಿ ‘ಇಲ್’ ಅಥವಾ ‘ಅನ್‌ವೆಲ್’ ಸರಿ. ವಾಂತಿಗೆ ಎರಡೂ ಕಡೆ ‘ವಾಮಿಟ್’ ಅಥವಾ ‘ಥ್ರೋ ಅಪ್’ ನಡೆಯುತ್ತದೆ.

ಇನ್ನು ‘ಗ್ಯಾಸ್’. ಎದೆ ಹಿಡಿದುಕೊಂಡರೂ ಗ್ಯಾಸ್, ಬೆನ್ನು ಹಿಡಿದುಕೊಂಡರೂ ಗ್ಯಾಸ್. ಇಂಗ್ಲಿಷಿನಲ್ಲಿ ಅದರ ಅರ್ಥ ಹೊಟ್ಟೆಯುಬ್ಬರ, ತೇಗು, ಕೆಳಗಿನಿಂದ ಹೋಗುವ ಗಾಳಿ, ಇಷ್ಟೇ. ಹುಳಿತೇಗು ಬಂದು ಎದೆ ಉರಿದರೆ ‘ಹಾರ್ಟ್‌ಬರ್ನ್’. ಹೆಸರಲ್ಲಿ ಹಾರ್ಟ್ ಇದ್ದರೂ ಹೃದಯಕ್ಕೂ ಅದಕ್ಕೂ ಸಂಬಂಧವಿಲ್ಲ, ಜಠರದ ಆಮ್ಲ ಅನ್ನನಾಳಕ್ಕೆ ಏರುವುದರಿಂದ ಆಗುವ ಉರಿ ಅದು. ಆದರೆ ಎದೆಯ ಮೇಲೆ ಯಾರೋ ಕೂತಂತೆ ಭಾರ, ಹಿಂಡಿದಂತೆ ನೋವು, ಅದು ತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಇಷ್ಟರಲ್ಲಿ ಯಾವುದಿದ್ದರೂ ‘ಗ್ಯಾಸ್’ ಎಂಬ ಪದವನ್ನು ಬಾಯಿಗೇ ತರಬೇಡಿ. ‘ಚೆಸ್ಟ್ ಪೇನ್’ ಅನ್ನಿ, ‘ಟೈಟ್’ ಅನ್ನಿ. ನಾವೇ ಗ್ಯಾಸ್ ಎಂದು ತೀರ್ಪು ಕೊಟ್ಟುಬಿಟ್ಟರೆ ಕೇಳಿಸಿಕೊಂಡವರ ಅವಸರವೂ ಕಡಿಮೆಯಾಗುತ್ತದೆ. ಇಂಥ ಹೊತ್ತಿನಲ್ಲಿ ಕರೆಯಬೇಕಾದ ನಂಬರ್ ಬ್ರಿಟನ್ನಿನಲ್ಲಿ 999, ಅಮೆರಿಕದಲ್ಲಿ 911, ನಮ್ಮಲ್ಲಿ 108 ಅಥವಾ 112.

ತಲೆಸುತ್ತು ಮತ್ತು ಸುಸ್ತು

ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಗುವುದು ಈ ಎರಡರಲ್ಲಿ.

‘ಗಿಡ್ಡಿನೆಸ್’ ಎಂದು ನಾವು ಹೇಳುತ್ತೇವೆ. ಅಲ್ಲಿ ರೂಢಿಯಲ್ಲಿರುವುದು ‘ಡಿಜ್ಜಿ’. ಅಷ್ಟಕ್ಕೇ ಡಾಕ್ಟರು ಬಿಡುವುದಿಲ್ಲ, ಯಾವ ತರಹದ ಸುತ್ತು ಎಂದು ಕೇಳುತ್ತಾರೆ. ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಒಳ್ಳೆಯ ಮಾತುಗಳೇ ಇವೆ. ಮನೆ, ಗೋಡೆ, ಫ್ಯಾನ್ ಎಲ್ಲ ಗಿರ್ರನೆ ತಿರುಗಿದಂತಾದರೆ ‘ವರ್ಟಿಗೋ’. ಬಹಳ ಸಲ ಇದು ಒಳಕಿವಿಯ ತೊಂದರೆ. ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಕಟ್ಟಿ ಬಿದ್ದೇಹೋಗುತ್ತೇನೆ ಅನ್ನಿಸಿದರೆ ‘ಲೈಟ್‌ಹೆಡೆಡ್’. ಬಿಪಿ ಇಳಿದಾಗ, ನೀರು ಕುಡಿಯದಿದ್ದಾಗ, ಬಿಪಿ ಮಾತ್ರೆ ಜಾಸ್ತಿಯಾದಾಗ ಹೀಗಾಗುತ್ತದೆ. ತಲೆ ಸರಿಯಿದ್ದು ಕಾಲು ಮಾತ್ರ ತೂರಾಡಿದರೆ ‘ಅನ್‌ಸ್ಟೆಡಿ’. ಮೂರಕ್ಕೂ ಕಾರಣ ಬೇರೆ, ಔಷಧಿ ಬೇರೆ.

ಪ್ರಜ್ಞೆ ತಪ್ಪಿ ಬಿದ್ದರೆ ‘ಫೇಂಟ್’ ಅಥವಾ ‘ಪಾಸ್ ಔಟ್’. ನಾವು ‘1985ರಲ್ಲಿ ಕಾಲೇಜಿಂದ ಪಾಸ್ ಔಟ್ ಆದೆ’ ಎನ್ನುತ್ತೇವಲ್ಲ, ಅಲ್ಲಿಯವರಿಗೆ ಅದು ಕಾಲೇಜಿನಲ್ಲಿ ಎಚ್ಚರ ತಪ್ಪಿ ಬಿದ್ದಂತೆ ಕೇಳಿಸುತ್ತದೆ. ‘ಪಾಸ್ ಅವೇ’ ಅಂದರೆ ತೀರಿಕೊಳ್ಳುವುದು. ಒಂದು ಚಿಕ್ಕ ಪದದಿಂದ ಅರ್ಥ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಸುಸ್ತಿಗೆ ನಾವು ‘ವೀಕ್‌ನೆಸ್’ ಎನ್ನುತ್ತೇವೆ. ಇಲ್ಲಿ ತುಂಬ ಹುಷಾರಾಗಿರಬೇಕು. ಡಾಕ್ಟರಿಗೆ ‘ವೀಕ್‌ನೆಸ್’ ಅಂದರೆ ಸ್ನಾಯುವಿನಲ್ಲಿ ಬಲವೇ ಇಲ್ಲದಿರುವುದು: ಲೋಟ ಹಿಡಿಯಲಾಗದು, ಕಾಲು ಎತ್ತಲಾಗದು. ಕೆಲಸ ಮಾಡಿ ದಣಿದದ್ದಕ್ಕೆ, ಜ್ವರ ಬಿಟ್ಟ ಮೇಲಿನ ಸುಸ್ತಿಗೆ ‘ಟಯರ್ಡ್’ ಅನ್ನಬೇಕು. ವಯಸ್ಸಾದವರು ‘ವೀಕ್‌ನೆಸ್ ಇನ್ ಹ್ಯಾಂಡ್’ ಅಂದರೆ ಅವರು ಮೊದಲು ನೋಡುವುದು ಲಕ್ವಾ ಹೊಡೆದಿದೆಯೇ ಎಂದು.

ನಿಜಕ್ಕೂ ಲಕ್ವಾ ಇದ್ದರೆ? ಇಂಗ್ಲಿಷಿನಲ್ಲಿ ಅದು ‘ಸ್ಟ್ರೋಕ್’. ಗುರುತಿಸಲು ‘ಫಾಸ್ಟ್’ ಎಂಬ ನಾಲ್ಕು ಅಕ್ಷರದ ಸೂತ್ರವಿದೆ: ‘ಫೇಸ್’, ‘ಆರ್ಮ್ಸ್’, ‘ಸ್ಪೀಚ್’, ‘ಟೈಮ್’. ನಕ್ಕಾಗ ಮುಖ ಒಂದು ಕಡೆ ಜೋತುಬೀಳುತ್ತದೆಯೇ, ಎರಡೂ ತೋಳು ಎತ್ತಿ ಹಿಡಿದಾಗ ಒಂದು ಇಳಿಯುತ್ತದೆಯೇ, ಮಾತು ತೊದಲುತ್ತದೆಯೇ ನೋಡಿ. ಒಂದಿದ್ದರೂ ತಡಮಾಡದೆ ಆಂಬುಲೆನ್ಸ್ ಕರೆಯಬೇಕು. ನಮ್ಮಲ್ಲಿ ಇದನ್ನೂ ಎಷ್ಟೋ ಮಂದಿ ‘ಅಟ್ಯಾಕ್ ಆಯ್ತು’ ಎನ್ನುತ್ತಾರೆ. ಬರೀ ‘ಅಟ್ಯಾಕ್’ ಅಂದರೆ ಕೇಳಿಸಿಕೊಂಡವರು ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತಾರೆ, ಅಥವಾ ಯಾರೋ ಹೊಡೆದರು ಅಂದುಕೊಳ್ಳುತ್ತಾರೆ.

ಕಾಲು ಮಡಚಿ ಕೂತು ಎದ್ದಾಗ ಬರುವ ಜೋಮಿಗೆ ಇಂಗ್ಲಿಷಿನಲ್ಲಿ ‘ಪಿನ್ಸ್ ಅಂಡ್ ನೀಡಲ್ಸ್’ ಎಂಬ ಒಳ್ಳೆಯ ಮಾತಿದೆ. ಮುಟ್ಟಿದರೂ ಗೊತ್ತಾಗದಷ್ಟು ಮರಗಟ್ಟಿದ್ದರೆ ‘ನಮ್’.

ಇಂಗ್ಲಿಷಿನಲ್ಲಿ ಹೆಸರೇ ಇಲ್ಲದ ತೊಂದರೆಗಳು

‘ಉಷ್ಣ ಆಗಿದೆ’ ಎನ್ನುವುದನ್ನು ಇಂಗ್ಲಿಷಿಗೆ ತರಲು ಹೋಗಲೇಬಾರದು. ‘ಹೀಟ್’ ಅಂದರೆ ಅವರು ಜ್ವರ ನೋಡುತ್ತಾರೆ. ಉಷ್ಣ ಎಂದಾಗ ನಿಮಗೆ ಏನಾಗಿದೆಯೋ ಅದನ್ನು ಬಿಡಿಸಿ ಹೇಳಿ. ಬಾಯಿಹುಣ್ಣಾಗಿದ್ದರೆ ‘ಮೌತ್ ಅಲ್ಸರ್’. ಉರಿಮೂತ್ರವಾದರೆ ‘ಬರ್ನಿಂಗ್ ವೆನ್ ಐ ಪಾಸ್ ಯೂರಿನ್’. ಕಣ್ಣುರಿಯಾದರೆ ‘ಸೋರ್ ಐಸ್’. ಎರಡನೆಯದು ಸೋಂಕಾಗಿರಬಹುದು, ಮಜ್ಜಿಗೆ ಕುಡಿದು ಸುಮ್ಮನಿರುವಂಥದ್ದಲ್ಲ.

‘ಒಳಜ್ವರ’ವೂ ಹಾಗೇ. ಥರ್ಮಾಮೀಟರಿನಲ್ಲಿ ಬಾರದ ಜ್ವರಕ್ಕೆ ಅಲ್ಲಿ ಹೆಸರಿಲ್ಲ. ಮೈಕೈ ನೋವಿದ್ದರೆ ‘ಬಾಡಿ ಏಕ್ಸ್’, ಚಳಿ ಬಂದು ನಡುಕವಾದರೆ ‘ಚಿಲ್ಸ್’. ‘ಶೀತ’ ಎಂದಾಗ ನೆಗಡಿಯಾದರೆ ‘ಐ ಹ್ಯಾವ್ ಎ ಕೋಲ್ಡ್’. ಹಾಗೆನ್ನದೆ ‘ಐ ಆಮ್ ಕೋಲ್ಡ್’ ಅಂದರೆ ಹೊದಿಕೆ ತಂದುಕೊಡುತ್ತಾರೆ. ಕಫ ‘ಫ್ಲೆಮ್’. ಕಾಗುಣಿತದಲ್ಲಿರುವ ಜಿ ಅಕ್ಷರವನ್ನು ಉಚ್ಚರಿಸುವುದಿಲ್ಲ. ಅದರ ಬಣ್ಣ ಕೇಳಿದರೆ ಬೇಸರಪಡಬೇಡಿ, ಹಳದಿಯೋ ಹಸಿರೋ ರಕ್ತವಿದೆಯೋ ಎನ್ನುವುದು ಅವರಿಗೆ ಬೇಕಾದ ಮಾಹಿತಿ.

ಬಿದ್ದಾಗ, ಕೊಯ್ದಾಗ, ಸುಟ್ಟಾಗ

ಮೊಮ್ಮಗು ಪಾರ್ಕಿನಲ್ಲಿ ಬಿದ್ದು ಮಂಡಿ ತರಚಿಕೊಂಡರೆ ಅದು ಬ್ರಿಟನ್ನಿನಲ್ಲಿ ‘ಗ್ರೇಜ್’, ಅಮೆರಿಕದಲ್ಲಿ ‘ಸ್ಕ್ರೇಪ್’. ಬೆಕ್ಕು ಪರಚಿದ ಗೀರು ‘ಸ್ಕ್ರ್ಯಾಚ್’. ಚಾಕು ತಾಗಿ ಕೊಯ್ದದ್ದು ‘ಕಟ್’. ಚರ್ಮ ಹರಿಯದೆ ಒಳಗೇ ರಕ್ತ ಕಂದಿ ನೀಲಿಗಟ್ಟಿದರೆ ‘ಬ್ರೂಸ್’. ಹಣೆಯಲ್ಲಿ ಬುಗುಟೆ ಎದ್ದರೆ ‘ಬಂಪ್’. ಬೆರಳಿಗೆ ಸಿಬಿರು ಹೊಕ್ಕರೆ ‘ಸ್ಪ್ಲಿಂಟರ್’. ನಾಯಿ ಕಚ್ಚಿದರೆ ‘ಬೈಟ್’, ಜೇನು ಕುಟುಕಿದರೆ ‘ಸ್ಟಿಂಗ್’.

ಬ್ರಿಟನ್ನಿನ ನರ್ಸ್ ‘ಪ್ಲಾಸ್ಟರ್’ ಹಾಕುತ್ತೇನೆ ಅಂದರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ನಾವು ಬ್ಯಾಂಡ್‌ಏಡ್ ಎನ್ನುವ ಅಂಟುಪಟ್ಟಿ. ಮೂಳೆ ಮುರಿದಾಗ ಹಾಕುವ ನಮ್ಮ ಪ್ಲಾಸ್ಟರಿಗೆ ‘ಕಾಸ್ಟ್’ ಅಥವಾ ‘ಪ್ಲಾಸ್ಟರ್ ಕಾಸ್ಟ್’ ಎನ್ನುತ್ತಾರೆ.

ಪಾದ ಮಡಚಿ ಹರಡು ಉಳುಕಿದರೆ ‘ಸ್ಪ್ರೇನ್’: ಎಲುಬಿಗೂ ಎಲುಬಿಗೂ ಕಟ್ಟು ಹಾಕಿದಂತಿರುವ ನಾರು ಎಳೆದುಹೋಗಿರುತ್ತದೆ. ಭಾರ ಎತ್ತಿ ಸ್ನಾಯು ಎಳೆದುಕೊಂಡರೆ ‘ಸ್ಟ್ರೇನ್’, ಮಾತಿನಲ್ಲಿ ‘ಪುಲ್ಡ್ ಎ ಮಸಲ್’. ಕೀಲು ತಪ್ಪಿದರೆ ‘ಡಿಸ್‌ಲೊಕೇಷನ್’. ‘ಮೂಳೆ ಮುರಿದಿಲ್ಲ, ಬರೀ ಫ್ರಾಕ್ಚರ್ ಅಷ್ಟೆ’ ಎಂದು ಎಷ್ಟೋ ಮಂದಿ ಸಮಾಧಾನ ಹೇಳುವುದನ್ನು ಕೇಳಿದ್ದೇನೆ. ಎರಡೂ ಒಂದೇ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಫ್ರಾಕ್ಚರ್, ಎರಡು ತುಂಡಾದರೂ ಫ್ರಾಕ್ಚರ್.

ಸುಟ್ಟ ಗಾಯದಲ್ಲಿ ಇಂಗ್ಲಿಷ್ ಒಂದು ಭೇದ ಮಾಡುತ್ತದೆ. ಬೆಂಕಿ, ಕಾದ ತವೆ, ಇಸ್ತ್ರಿಪೆಟ್ಟಿಗೆಯಿಂದ ಸುಟ್ಟರೆ ‘ಬರ್ನ್’. ಬಿಸಿನೀರು, ಸಾರು, ಕುಕ್ಕರಿನ ಹಬೆಯಿಂದಾದರೆ ‘ಸ್ಕಾಲ್ಡ್’. ಏಳುವ ಬೊಬ್ಬೆ ‘ಬ್ಲಿಸ್ಟರ್’, ಅದನ್ನು ಒಡೆಯಬಾರದು. ಎರಡಕ್ಕೂ ಮೊದಲ ಆರೈಕೆ ಒಂದೇ: ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು. ಎರಡು ನಿಮಿಷಕ್ಕೆ ಉರಿ ಕಡಿಮೆಯಾಯಿತೆಂದು ತೆಗೆಯುತ್ತೇವೆ, ಆದರೆ ಚರ್ಮದ ಒಳಪದರದಲ್ಲಿ ಶಾಖ ಇನ್ನೂ ಉಳಿದಿರುತ್ತದೆ. ಟೂತ್‌ಪೇಸ್ಟ್, ಬೆಣ್ಣೆ, ಐಸ್ ಯಾವುದೂ ಬೇಡ.

ಬಿಪಿ, ಶುಗರ್ ಮತ್ತು ಅಂಕಿಗಳು

‘ಐ ಹ್ಯಾವ್ ಬಿಪಿ’ ಅಂದರೆ ಅಲ್ಲಿ ಅರ್ಥವಾಗುವುದಿಲ್ಲ. ರಕ್ತದ ಒತ್ತಡ ಎಲ್ಲರಿಗೂ ಇರುತ್ತದೆ. ‘ಹೈ ಬ್ಲಡ್ ಪ್ರೆಷರ್’ ಅನ್ನಬೇಕು. ‘ಶುಗರ್’ ಬದಲು ‘ಡಯಾಬಿಟಿಸ್’.

ಡಯಾಬಿಟಿಸ್ ಇರುವವರಿಗೆ ಪದಕ್ಕಿಂತ ಅಂಕಿ ದೊಡ್ಡ ತೊಡಕು. ನಮ್ಮಲ್ಲೂ ಅಮೆರಿಕದಲ್ಲೂ ರಕ್ತದ ಸಕ್ಕರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಮಿಲಿಮೋಲ್ ಲೆಕ್ಕ. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರ ಅಂಕಿ ಬರುತ್ತದೆ. ನಮ್ಮ 126 ಅಲ್ಲಿ 7, ನಮ್ಮ 180 ಅಲ್ಲಿ 10. ಅಲ್ಲಿನ ಮೀಟರಿನಲ್ಲಿ 9 ಕಂಡು ‘ಶುಗರ್ ಪೂರ್ತಿ ಇಳಿದುಹೋಗಿದೆ’ ಎಂದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಕೆಟ್ಟಿತು. ಅದು ನಮ್ಮ ಲೆಕ್ಕದಲ್ಲಿ 162. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಹೀಗೇ: ನಮ್ಮ ಶೇಕಡಾ 6.5 ಅಲ್ಲಿ 48.

ಜ್ವರದ ಲೆಕ್ಕ ಬ್ರಿಟನ್ನಿನಲ್ಲಿ ಸೆಲ್ಸಿಯಸ್. 98.6 ಅಂದರೆ 37, 100.4 ಅಂದರೆ 38, 104 ಅಂದರೆ 40. ಅಮೆರಿಕದವರು ನಮ್ಮಂತೆ ಫ್ಯಾರನ್‌ಹೀಟ್.

ಜ್ವರದ ಮಾತ್ರೆಯ ಹೆಸರು ಇನ್ನೂ ಮುಖ್ಯ. ಡೋಲೊ, ಕ್ರೋಸಿನ್ ಎಂಬುವು ಕಂಪನಿ ಇಟ್ಟ ಹೆಸರು. ಒಳಗಿರುವ ಔಷಧಿ ಪ್ಯಾರಸಿಟಮಾಲ್. ಬ್ರಿಟನ್ನಿನಲ್ಲೂ ಅದೇ ಹೆಸರು. ಅಮೆರಿಕದಲ್ಲಿ ಅದಕ್ಕೆ ಅಸಿಟಮಿನೊಫೆನ್ ಎಂಬ ಹೆಸರು, ಅಂಗಡಿಯಲ್ಲಿ ಟೈಲೆನಾಲ್ ಎಂದು ಸಿಗುತ್ತದೆ. ಒಂದೇ ರಾಸಾಯನಿಕದ ಉದ್ದ ಹೆಸರಿನಿಂದ ಒಬ್ಬರು ಒಂದು ತುಂಡು, ಇನ್ನೊಬ್ಬರು ಇನ್ನೊಂದು ತುಂಡು ಆರಿಸಿಕೊಂಡರು. ಇದರಲ್ಲಿ ಅಪಾಯವೂ ಇದೆ. ಊರಿನಿಂದ ತಂದ ಡೋಲೊ ನುಂಗಿ, ಮೇಲೆ ಟೈಲೆನಾಲ್ ನುಂಗಿ, ರಾತ್ರಿ ನೆಗಡಿಯ ಸಿರಪ್ ಕುಡಿದರೆ ಮೂರರಲ್ಲೂ ಅದೇ ಔಷಧಿ ಇರಬಹುದು. ದೊಡ್ಡವರಿಗೆ ಇಡೀ ದಿನಕ್ಕೆ ಮಿತಿ 4 ಗ್ರಾಂ, ಅದನ್ನು ದಾಟಿದರೆ ಯಕೃತ್ತಿಗೆ ಪೆಟ್ಟು. ಇದೇ ಭಯಕ್ಕೆ ಬ್ರಿಟನ್ನಿನಲ್ಲಿ 1998ರಿಂದ ಸಾಮಾನ್ಯ ಅಂಗಡಿಯ ಪೊಟ್ಟಣದಲ್ಲಿ 16 ಮಾತ್ರೆ, ಔಷಧಿ ಅಂಗಡಿಯದರಲ್ಲಿ 32 ಎಂದು ಮಿತಿ ಹಾಕಿದ್ದಾರೆ. ಅಂದಹಾಗೆ ‘ಮೆಡಿಕಲ್ಸ್ ಎಲ್ಲಿದೆ’ ಎಂದು ಕೇಳಿದರೆ ತಿಳಿಯುವುದಿಲ್ಲ, ‘ಫಾರ್ಮಸಿ’ ಅನ್ನಿ.

‘ಅಲರ್ಜಿ’ ಎಂಬ ಪದವನ್ನೂ ತೂಗಿ ಆಡಬೇಕು. ಆ ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತದೆ, ಅದು ‘ಸೈಡ್ ಎಫೆಕ್ಟ್’. ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಅಲರ್ಜಿ. ಸುಮ್ನೆ ‘ಪೆನಿಸಿಲಿನ್ ಅಲರ್ಜಿ’ ಎಂದು ಹೇಳಿಬಿಟ್ಟರೆ ಫೈಲಿನಲ್ಲಿ ದಾಖಲಾಗುತ್ತದೆ, ಆಮೇಲೆ ನಿಜವಾಗಿ ಬೇಕಾದಾಗಲೂ ಆ ಔಷಧಿ ಕೊಡುವುದಿಲ್ಲ.

ಡಾಕ್ಟರ ಬಾಯಿಂದ ಬರುವ ಪದಗಳು

‘ಕಂಪ್ಲೇಂಟ್’ ಏನು ಎಂದರೆ ಯಾರ ಮೇಲೂ ದೂರು ಕೇಳುತ್ತಿಲ್ಲ, ಏನು ತೊಂದರೆ ಎಂದು ಕೇಳುತ್ತಿದ್ದಾರೆ. ‘ಹಿಸ್ಟರಿ’ ಅಂದರೆ ಹಿಂದೆ ಆಗಿದ್ದ ಕಾಯಿಲೆಗಳು. ‘ಕ್ರಾನಿಕ್’ ಎಂದಾಕ್ಷಣ ಎದೆ ಒಡೆದುಕೊಳ್ಳಬೇಡಿ. ಅದರರ್ಥ ಬಹುಕಾಲದಿಂದ ಇರುವುದು, ಜೋರಾಗಿದೆ ಎಂದಲ್ಲ. ‘ಅಕ್ಯೂಟ್’ ಅಂದರೆ ಇತ್ತೀಚೆಗೆ ದಿಢೀರನೆ ಶುರುವಾದದ್ದು. ಟೆಸ್ಟ್ ‘ನೆಗೆಟಿವ್’ ಬಂದರೆ ಹುಡುಕಿದ ಕಾಯಿಲೆ ಸಿಗಲಿಲ್ಲ ಎಂದು. ಸ್ಕ್ಯಾನ್ ‘ಅನ್‌ರಿಮಾರ್ಕಬಲ್’ ಎಂದು ಬರೆದಿದ್ದರೆ ಎಲ್ಲ ಸರಿಯಿದೆ, ಹೇಳುವಂಥದ್ದೇನೂ ಕಾಣಲಿಲ್ಲ ಎಂದು. ಬ್ರಿಟನ್ನಿನಲ್ಲಿ ಆಪರೇಷನ್ ಮಾಡುವ ಸರ್ಜನ್ನರನ್ನು ‘ಡಾಕ್ಟರ್’ ಎನ್ನದೆ ‘ಮಿಸ್ಟರ್’ ಅಥವಾ ‘ಮಿಸ್’ ಎನ್ನುವುದು ಹಳೆಯ ಸಂಪ್ರದಾಯ. ಡಾಕ್ಟರಲ್ಲದವರು ಕೊಯ್ಯುತ್ತಿದ್ದಾರೆ ಎಂದು ಹೆದರಬೇಕಿಲ್ಲ.

ಕನ್ನಡದಲ್ಲೇ ಹೇಳಬಹುದು

1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಕ್ಯೂಬಾದಿಂದ ಬಂದವರು, ಸ್ಪ್ಯಾನಿಷ್ ಮಾತಾಡುವವರು. ‘ಇಂಟಾಕ್ಸಿಕಾಡೊ’ ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಒಗ್ಗದೆ ಹೀಗಾಗಿದೆ ಎಂಬುದು ಅವರ ಅರ್ಥ. ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಎಂದು ಅದನ್ನು ತಿಳಿದು, ಮಾದಕವಸ್ತು ಜಾಸ್ತಿಯಾಗಿದೆ ಎಂದು ಚಿಕಿತ್ಸೆ ಶುರುಮಾಡಿದರು. ನಿಜಕ್ಕೂ ಆಗಿದ್ದದ್ದು ಮಿದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ದಿನಗಳು ಕಳೆದಿದ್ದವು. ಹುಡುಗನ ಕೈಕಾಲು ಸ್ವಾಧೀನ ತಪ್ಪಿದವು. ಮೊಕದ್ದಮೆ ಸುಮಾರು 7.1 ಕೋಟಿ ಡಾಲರ್ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು. ಅಲ್ಲಿ ಯಾರಿಗೂ ದುಭಾಷಿ ಬೇಕು ಎಂದು ಅನ್ನಿಸಿರಲಿಲ್ಲ, ಎರಡೂ ಕಡೆಯವರಿಗೆ ಅರ್ಥವಾಗಿದೆ ಅನ್ನಿಸಿತ್ತು.

ಆದ್ದರಿಂದ ಇದು ಗೊತ್ತಿರಲಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೆ ರೋಗಿ ಹಣ ಕೊಡಬೇಕಿಲ್ಲ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಬಲದಿಂದ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ಉಚಿತವಾಗಿ ದುಭಾಷಿ ಒದಗಿಸಬೇಕು. ಬಹಳ ಸಲ ಇದು ಫೋನಿನಲ್ಲೇ ನಡೆಯುತ್ತದೆ. ಮೇಜಿನ ಮೇಲೆ ಸ್ಪೀಕರ್ ಇಟ್ಟಿರುತ್ತಾರೆ, ನೀವು ಕನ್ನಡದಲ್ಲಿ ಹೇಳುತ್ತೀರಿ, ಆ ಕಡೆಯವರು ಇಂಗ್ಲಿಷಿಗೆ ತಿರುಗಿಸುತ್ತಾರೆ. ಮಗನ ಮುಂದೆ ಹೇಳಲಾಗದ ಮುಟ್ಟಿನ ತೊಂದರೆ, ಮೂತ್ರದ ತೊಂದರೆಗಳನ್ನು ಹೇಳಿಕೊಳ್ಳಲು ಇದೇ ಸಲೀಸು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಬೇಕು. ಭಾಷೆಯ ಹೆಸರು ಸ್ಪಷ್ಟವಾಗಿ ಹೇಳಿ. ಇಂಡಿಯಾ ಅಂದಾಕ್ಷಣ ಹಿಂದಿಯವರನ್ನು ಕರೆದುಬಿಡುವುದುಂಟು.

ದೊಡ್ಡಮ್ಮ ಎರಡನೆಯ ಸಲ ಹೊರಟಾಗ ಅವರ ವ್ಯಾನಿಟಿ ಬ್ಯಾಗಿನೊಳಗೆ, ಕುಂಕುಮದ ಡಬ್ಬಿಯ ಪಕ್ಕದಲ್ಲಿ, ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡರು. ಮೊದಲ ಪುಟದಲ್ಲಿ ಅವರು ನುಂಗುವ ಮಾತ್ರೆಗಳ ಒಳಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ. ನಮ್ಮ ಚೀಟಿಯ 1-0-1 ಅಲ್ಲಿ ನಡೆಯದಿರಬಹುದೆಂದು ‘ಟ್ವೈಸ್ ಎ ಡೇ’ ಎಂದೇ ಬರೆಸಿದೆ. ಎರಡನೆಯ ಪುಟದಲ್ಲಿ 18ರ ಮಗ್ಗಿ. ಮೂರನೆಯದರಲ್ಲಿ, ಅವರದೇ ದುಂಡು ಅಕ್ಷರದಲ್ಲಿ, ಕನ್ನಡ ಲಿಪಿಯಲ್ಲಿ ಒಂದೇ ಸಾಲು: ‘ಐ ನೀಡ್ ಎ ಕನ್ನಡ ಇಂಟರ್‌ಪ್ರಿಟರ್, ಪ್ಲೀಸ್.’